ಅಲ್ಝೈಮರ್ ಹೌದೋ ಅಲ್ಲವೋ: ಸಾವಿನ ನಂತರದ ಮೆದುಳು ಪರೀಕ್ಷೆಯನ್ನು ನಮ್ಮ ಜಿಲ್ಲೆಗಳಲ್ಲಿ ಒಂದೇ ಕ್ರಮದಲ್ಲಿ ಮಾಡುವುದು ಹೇಗೆ

ರೋಗಿ ಬದುಕಿರುವಾಗ ವೈದ್ಯರು "ಅಲ್ಝೈಮರ್" (ನೆನಪನ್ನು ಮೆಲ್ಲಗೆ ಅಳಿಸುವ ಮೆದುಳಿನ ರೋಗ) ಎಂದು ಚೀಟಿಯಲ್ಲಿ ಬರೆಯುವುದು ಒಂದು ಅಂದಾಜು. ಒಳ್ಳೆಯ ಅಂದಾಜೇ, ಆದರೂ ಅಂದಾಜು. ಅಮೆರಿಕದ ಅಲ್ಝೈಮರ್ ಕೇಂದ್ರಗಳಲ್ಲಿ 2005ರಿಂದ 2010ರವರೆಗೆ ಮೆದುಳು ಪರೀಕ್ಷೆಯಾದ 900ಕ್ಕೂ ಹೆಚ್ಚು ಜನರ ದಾಖಲೆಗಳನ್ನು ಹೋಲಿಸಿ ನೋಡಿದರು. ನಿಜವಾಗಿ ಈ ರೋಗ ಇದ್ದವರಲ್ಲಿ ವೈದ್ಯರು ಸರಿಯಾಗಿ ಗುರುತಿಸಿದ್ದು ಶೇ 71ರಿಂದ 87ರಷ್ಟು ಜನರನ್ನು. ರೋಗ ಇಲ್ಲದವರಿಗೆ "ಇಲ್ಲ" ಎಂದು ಸರಿಯಾಗಿ ಹೇಳಿದ್ದು ಶೇ 44ರಿಂದ 71ರಷ್ಟು ಸಲ ಮಾತ್ರ. ಮಾನದಂಡ ಬಿಗಿ ಮಾಡಿದಾಗ ಒಂದು ಅಂಕಿ, ಸಡಿಲ ಬಿಟ್ಟಾಗ ಇನ್ನೊಂದು. ಅವು ತಜ್ಞರೇ ತುಂಬಿದ ಕೇಂದ್ರಗಳು ಅನ್ನುವುದನ್ನು ಮರೆಯಬೇಡಿ.

ನಮ್ಮ ಕಡೆ "ಅರವತ್ತಕ್ಕೆ ಅರಳು ಮರಳು" ಎಂದು ಸುಮ್ಮನಾಗುವ ಮನೆಗಳೇ ಜಾಸ್ತಿ. ಹಾಗಾಗಿ ಕಲಬುರಗಿ, ಬೀದರ್, ಯಾದಗಿರಿಯ ಹಿರಿಯರ ಮೆದುಳಿನಲ್ಲಿ ಏನು ನಡೆದಿತ್ತು ಎಂದು ತಿಳಿಯುವ ಅವಕಾಶ ಪ್ರತಿ ಸಾವಿನ ಜೊತೆ ಮಣ್ಣಾಗುತ್ತಿದೆ. ಈಗ ಪೆಟ್ ಸ್ಕ್ಯಾನ್ ಇದೆ, ರಕ್ತದ ಪರೀಕ್ಷೆಯೂ ಬಂದಿದೆ. ಅವು ಸರಿಯೋ ತಪ್ಪೋ ಎಂದು ಒರೆ ಹಚ್ಚುವುದು ಕೊನೆಗೆ ಮೆದುಳನ್ನು ನೋಡಿಯೇ.

ನಾನು ಪೆಥಾಲಜಿ, ಅಂದರೆ ಅಂಗಾಂಶ ನೋಡಿ ರೋಗ ಗುರುತಿಸುವ ವಿದ್ಯೆ, ಕಲಿಸುವವನು. ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ನಮ್ಮ ಮೂರು ಜಿಲ್ಲೆಗಳ ಪಿ.ಜಿ. ವಿದ್ಯಾರ್ಥಿಗಳಿಗೆ, ಶವಾಗಾರದ ಸಿಬ್ಬಂದಿಗೆ. ಆದರೆ ಮೊದಲ ಎರಡು ಹೆಜ್ಜೆ ಮನೆಯವರ ಕೈಯಲ್ಲೇ ಇವೆ. ಅವರೂ ಓದಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಪರೀಕ್ಷೆ ದೊಡ್ಡ ಊರಿನ ದೊಡ್ಡ ಲ್ಯಾಬಿನಲ್ಲಿ ಮಾತ್ರ ಆಗುವಂಥದ್ದು ಎಂಬ ನಂಬಿಕೆ ಇದೆ. ಅರ್ಧ ಮಾತ್ರ ನಿಜ. ಅಂಗಾಂಶ ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದಲ್ಲಿ ಗಟ್ಟಿಯಾದ ಮೆದುಳು ಕಾಯುತ್ತದೆ, ಬೆಂಗಳೂರಿಗೂ ಹೋಗುತ್ತದೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಆದರೆ ಸಾವಾದ ಮೊದಲ ದಿನದ ಕೆಲಸ ಇಲ್ಲೇ ಆಗಬೇಕು. ಅದು ಕೆಟ್ಟರೆ ಯಾವ ಲ್ಯಾಬೂ ಸರಿಮಾಡಲಾರದು.

ಮೊದಲ ಹೆಜ್ಜೆ: ಬದುಕಿರುವಾಗಲೇ ಚರಿತ್ರೆ ಬರೆದಿಡಿ

ಮೈಕ್ರೋಸ್ಕೋಪ್ ಮೆದುಳಿನಲ್ಲಿ ಏನಾಗಿದೆ ಎಂದು ಹೇಳುತ್ತದೆ. ಆ ಮನುಷ್ಯನಿಗೆ ಏನಾಗಿತ್ತು ಎಂದು ಹೇಳಬೇಕಾದವರು ಮನೆಯವರು. ಎರಡೂ ಸೇರಿದರೆ ಮಾತ್ರ ಉತ್ತರ.

ನೆನಪಿನ ಪರೀಕ್ಷೆಗಳಲ್ಲಿ ಬಹಳಷ್ಟು ಓದು ಬರಹ ಬಲ್ಲವರಿಗೆ ಮಾಡಿದವು. ನಮ್ಮ ಊರುಗಳ ಎಪ್ಪತ್ತು ದಾಟಿದ ಎಷ್ಟೋ ಆಯಿ, ಮುತ್ಯಾಗಳು ಶಾಲೆಯ ಮೆಟ್ಟಿಲು ಹತ್ತಿಲ್ಲ. "ನೂರರಿಂದ ಏಳು ಕಳೆಯುತ್ತಾ ಹೋಗಿ" ಎಂದು ಅವರನ್ನು ಕೇಳಿ ಪ್ರಯೋಜನವಿಲ್ಲ. ದಿನದ ಕೆಲಸ ಕೇಳಿ. ಸಂತೆಯಲ್ಲಿ ಚಿಲ್ಲರೆ ಲೆಕ್ಕ ತಪ್ಪಲು ಶುರುವಾದದ್ದು ಯಾವಾಗ? ರೊಟ್ಟಿ ಬಡಿಯುತ್ತಾ ಒಲೆ ಮರೆತರೇ? ಹೊಲಕ್ಕೆ ಹೋದವರು ದಾರಿ ತಪ್ಪಿದ್ದು ಉಂಟೇ? ಮಗನನ್ನು ಅಣ್ಣ ಎಂದು ಕರೆದರೇ?

ವರ್ಷ, ತಿಂಗಳು ನೆನಪಿಲ್ಲ ಎಂದರೆ ಶರಣಬಸವೇಶ್ವರ ಜಾತ್ರೆ, ಬಂದೇ ನವಾಜರ ಉರುಸು, ಎಳ್ಳ ಅಮಾವಾಸ್ಯೆ, ತೊಗರಿ ರಾಶಿ, ಮೊಮ್ಮಗಳ ಮದುವೆ ಇವುಗಳನ್ನು ಹಿಡಿದು ಕೇಳಿ. "ಅದಕ್ಕಿಂತ ಮೊದಲೋ ಆಮೇಲೋ" ಎಂದರೆ ಸಾಕು, ಕಾಲ ತಾನಾಗಿ ಸಿಗುತ್ತದೆ. ಮನೆಮಾತು ಉರ್ದು, ತೆಲುಗು, ಮರಾಠಿ ಆಗಿದ್ದರೆ ಆ ಮಾತಿನಲ್ಲೇ ಕೇಳಿ.

ಇವಿಷ್ಟು ಖಂಡಿತ ಬರೆದುಕೊಳ್ಳಿ: ಮೊದಲು ಕಂಡದ್ದು ಮರೆವೋ, ಸ್ವಭಾವದ ಬದಲಾವಣೆಯೋ, ಮಾತು ತಡವರಿಸಿದ್ದೋ, ನಡಿಗೆ ಕೆಟ್ಟದ್ದೋ. ಇಲ್ಲದ ಜನ, ಪ್ರಾಣಿ ಕಣ್ಣಿಗೆ ಕಾಣುತ್ತಿದ್ದವೇ. ನಿದ್ದೆಯಲ್ಲಿ ಕೈಕಾಲು ಬಡಿಯುತ್ತಿದ್ದರೇ. ಲಕ್ವ ಹೊಡೆದಿತ್ತೇ. ಬಿ.ಪಿ., ಶುಗರ್, ಕುಡಿತ, ತಲೆಗೆ ಪೆಟ್ಟು. ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ, ಯಾವ ವಯಸ್ಸಿನಲ್ಲಿ. ಹಳೆಯ ಸಿ.ಟಿ., ಎಂ.ಆರ್.ಐ. ಫಿಲ್ಮುಗಳನ್ನು ರದ್ದಿಗೆ ಹಾಕಬೇಡಿ ಎಂದು ಮನೆಯವರಿಗೆ ಹೇಳಿ.

ಇದೇ ಸಮಯದಲ್ಲಿ ಒಪ್ಪಿಗೆಯ ಮಾತನ್ನೂ ಎತ್ತಿ. ಸಾವಿನ ಮನೆಯಲ್ಲಿ ಅಳುವಿನ ನಡುವೆ ಕಾಗದ ಹಿಡಿಯುವುದು ಅನ್ಯಾಯ. ರೋಗಿಯ ಮನಸ್ಸು ತಿಳಿಯಾಗಿರುವಾಗ ಅವರನ್ನೇ ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ಆದರೂ ಸಾವಾದ ಮೇಲೆ ಹತ್ತಿರದ ಸಂಬಂಧಿಕರು ಒಪ್ಪಿ ಸಹಿ ಹಾಕಲೇಬೇಕು. ಒಪ್ಪಿಗೆ ಪತ್ರದಲ್ಲಿ ಬೇರೆ ಬೇರೆ ಸಾಲು ಇರಲಿ: ಮೆದುಳು ತೆಗೆಯಬಹುದು, ಪರೀಕ್ಷೆಗಾಗಿ ವಾರಗಟ್ಟಲೆ ಇಟ್ಟುಕೊಳ್ಳಬಹುದು, ಸಂಶೋಧನೆಗೆ ಬಳಸಬಹುದು ಅಥವಾ ಬೇಡ. ಅಂತ್ಯಕ್ರಿಯೆಯ ಹೊತ್ತಿಗೆ ಮೆದುಳು ದೇಹದೊಳಗೆ ಇರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ. ಇದನ್ನು ಮುಚ್ಚಿಟ್ಟು ಪಡೆದ ಸಹಿ ಸಹಿಯಲ್ಲ.

ದೇಹದಾನಕ್ಕೆ ಹೆಸರು ಬರೆಸಿದವರು ಇದೂ ಅದರಲ್ಲೇ ಸೇರಿದೆ ಎಂದುಕೊಳ್ಳುತ್ತಾರೆ. ಸೇರಿಲ್ಲ. ಅನಾಟಮಿ ವಿಭಾಗಕ್ಕೆ ಕೊಟ್ಟ ದೇಹ ಪಾಠಕ್ಕೆ ಹೋಗುತ್ತದೆ, ಮೆದುಳು ಪರೀಕ್ಷೆಗೆ ಬೇರೆ ಒಪ್ಪಿಗೆ ಬೇಕು. ಕಣ್ಣುದಾನಕ್ಕೆ ಮಾತ್ರ ಇದರಿಂದ ಅಡ್ಡಿಯಿಲ್ಲ. ಸಾವು ಅಸಹಜವಾಗಿದ್ದು ಪೊಲೀಸ್ ಕೇಸ್ ಆಗಿದ್ದರೆ ದಾರಿಯೇ ಬೇರೆ, ಆಗ ಮೊದಲು ತನಿಖಾಧಿಕಾರಿಯ ಹತ್ತಿರ ಮಾತಾಡಬೇಕು.

ಎರಡನೇ ಹೆಜ್ಜೆ: ಮೊದಲ ಕೆಲವು ಗಂಟೆಗಳು

ಮೇ ತಿಂಗಳ ಕಲಬುರಗಿಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಆ ಬಿಸಿಲಲ್ಲಿ ಮೆದುಳು ಬೇಗ ಮೆತ್ತಗಾಗುತ್ತದೆ. ದೇಹವನ್ನು 2ರಿಂದ 4 ಡಿಗ್ರಿ ತಂಪಿನಲ್ಲಿ ಇಟ್ಟು 24 ಗಂಟೆಯೊಳಗೆ ಮೆದುಳು ತೆಗೆಯುವುದು ಗುರಿ. ಎಷ್ಟು ಬೇಗವೋ ಅಷ್ಟು ಒಳ್ಳೆಯದು.

ಸಾವು ಮನೆಯಲ್ಲೇ ಆಗಿದ್ದರೆ ಬಾಡಿಗೆ ಫ್ರೀಜರ್ ಪೆಟ್ಟಿಗೆ ತರಿಸಿ. ಅದು ಸಿಗುವ ತನಕ ಬಟ್ಟೆ ಸುತ್ತಿದ ಮಂಜುಗಡ್ಡೆಯನ್ನು ತಲೆಯ ಸುತ್ತ ಇಡಿ. ತಲೆ ಹೆಪ್ಪುಗಟ್ಟಬಾರದು, ತಂಪಾಗಿದ್ದರೆ ಸಾಕು. ನೋಡುತ್ತಿದ್ದ ವೈದ್ಯರಿಂದ ಸಾವಿನ ಕಾರಣದ ಪತ್ರ ಪಡೆಯಿರಿ. ಆಸ್ಪತ್ರೆಯಲ್ಲಾದ ಸಾವಿಗೆ ನಮೂನೆ 4, ಮನೆಯಲ್ಲಾದದ್ದಕ್ಕೆ ನಮೂನೆ 4ಎ. ಸಾವಿನ ಗಂಟೆಯನ್ನು ಬರೆದಿಡಿ. "ಬೆಳಗಿನ ಜಾವ" ಎಂದು ಬರೆದರೆ ನಮಗೆ ಲೆಕ್ಕ ಸಿಗುವುದಿಲ್ಲ.

ಮನೆಯವರ ದೊಡ್ಡ ಚಿಂತೆ ಮುಖದ್ದು. ಮುಖಕ್ಕೆ ಏನೂ ಆಗುವುದಿಲ್ಲ. ಒಂದು ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯ ಹಿಂದಿನವರೆಗೆ ಕೂದಲಿನೊಳಗೆ ಕೊಯ್ಯುತ್ತಾರೆ, ಆಮೇಲೆ ಹೊಲಿಯುತ್ತಾರೆ. ಸಿಬ್ಬಂದಿಗೆ ಇಲ್ಲಿ ಒಂದು ಎಚ್ಚರಿಕೆ. ಲಿಂಗಾಯತರ ಮನೆಗಳಲ್ಲಿ ದೇಹವನ್ನು ಕೂರಿಸಿ ಪೂಜೆ ಮಾಡಿ, ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ತಲೆ ನೆಟ್ಟಗೆ ನಿಲ್ಲುತ್ತದೆ. ಹೊಲಿಗೆ ಸಡಿಲವಾದರೆ ಹಣೆಯ ಮೇಲೆ ಸೋರುತ್ತದೆ. ತಲೆಬುರುಡೆಯೊಳಗೆ ಹತ್ತಿ ಬಿಗಿಯಾಗಿ ತುಂಬಿ, ಚಿಪ್ಪನ್ನು ಅಲುಗಾಡದಂತೆ ಕೂರಿಸಿ, ಒತ್ತಾಗಿ ಹೊಲಿಯಿರಿ. ಮುಸ್ಲಿಂ ಮನೆಗಳಲ್ಲಿ ದಫನ್ ತಡವಾಗಬಾರದು, ಗುಸುಲ್ ಕೂಡ ಇರುತ್ತದೆ. ಅವರು ಕಾಯುವಂತೆ ಮಾಡಬೇಡಿ. ಎರಡು ಗಂಟೆಯಲ್ಲಿ ದೇಹ ಕೊಡುತ್ತೇವೆ ಎಂದು ಹೇಳಿದರೆ ಎರಡು ಗಂಟೆಯಲ್ಲೇ ಕೊಡಿ. ಒಂದು ಮನೆಯಲ್ಲಿ ಮಾತು ತಪ್ಪಿದರೆ ಇಡೀ ಓಣಿ ಮುಂದೆ ಒಪ್ಪುವುದಿಲ್ಲ.

ಮೂರನೇ ಹೆಜ್ಜೆ: ತೆಗೆಯುವುದು, ತೂಗುವುದು, ಫೋಟೋ

ಚಾಕು ಹಿಡಿಯುವ ಮೊದಲು ಚರಿತ್ರೆ ಒಮ್ಮೆ ಓದಿ. ವಾರ, ತಿಂಗಳುಗಳಲ್ಲೇ ಮರೆವು ಏರಿ ಮೈ ಜಟ್ಟನೆ ಜಿಗಿಯುವ ಲಕ್ಷಣ ಇದ್ದಿದ್ದರೆ ಪ್ರಿಯಾನ್ ರೋಗದ (ಕೆಟ್ಟ ಪ್ರೋಟೀನಿನಿಂದ ಅಂಟಬಲ್ಲ ಮೆದುಳಿನ ರೋಗ) ಅನುಮಾನ ಇಟ್ಟುಕೊಳ್ಳಿ. ಫಾರ್ಮಲಿನ್ ಪ್ರಿಯಾನನ್ನು ಕೊಲ್ಲುವುದಿಲ್ಲ. ಇಂಥ ಮೆದುಳನ್ನು ಇಲ್ಲಿ ತೆರೆಯಬೇಡಿ, ಅನುಭವವಿರುವ ಕೇಂದ್ರಕ್ಕೆ ಮೊದಲು ಫೋನ್ ಮಾಡಿ. ಅಲ್ಲಿ ಇಂಥ ಮೆದುಳಿನ ತುಂಡುಗಳನ್ನು ಬ್ಲಾಕ್ ಮಾಡುವ (ಮೇಣದಲ್ಲಿ ಕೂರಿಸುವ) ಮೊದಲು ಗಾಢ ಫಾರ್ಮಿಕ್ ಆಸಿಡ್‌ನಲ್ಲಿ ಒಂದು ಗಂಟೆ ಇಡಬೇಕಾಗುತ್ತದೆ. ಟಿ.ಬಿ., ಎಚ್.ಐ.ವಿ., ಹೆಪಟೈಟಿಸ್ ವಿಷಯದಲ್ಲಿ ಎಂದಿನ ಎಚ್ಚರಿಕೆ ಎಲ್ಲ ದೇಹಗಳಿಗೂ ಇರಲಿ.

ತೆಗೆಯುವಾಗ ಬೆರಳು ತಾಗಿ ಕೆಡುವುದು ಹೆಚ್ಚಾಗಿ ಕಿವಿಯ ಒಳಬದಿಯ ಭಾಗ, ಅಂದರೆ ಟೆಂಪೊರಲ್ ಲೋಬ್. ಅಲ್ಝೈಮರ್ ಮೊದಲು ಮನೆ ಮಾಡುವ ಜಾಗವೂ ಅದೇ. ಅದನ್ನು ಎಳೆಯಬೇಡಿ, ಹಿಂಡಬೇಡಿ. ಬೆನ್ನುಹುರಿಯನ್ನು ಕೈಗೆಟುಕುವಷ್ಟು ಕೆಳಗೆ ಕೊಯ್ಯಿರಿ, ಮೆದುಳು ಕಾಂಡ ಪೂರ್ತಿ ಬರಬೇಕು.

ಹಸಿ ಮೆದುಳನ್ನು ಕೂಡಲೇ ತೂಗಿ. ವಯಸ್ಕರಲ್ಲಿ ಸಾಮಾನ್ಯವಾಗಿ 1200ರಿಂದ 1400 ಗ್ರಾಂ. ಫಾರ್ಮಲಿನ್ ನಂತರದ ತೂಕ ಬೇರೆಯಾಗುತ್ತದೆ, ಆದ್ದರಿಂದ ಯಾವುದು ಯಾವಾಗಿನ ತೂಕ ಎಂದು ಬರೆಯಿರಿ. ಮೇಲಿನಿಂದ, ಕೆಳಗಿನಿಂದ, ಎರಡು ಬದಿಯಿಂದ ಫೋಟೋ. ಪಕ್ಕದಲ್ಲಿ ಅಳತೆ ಪಟ್ಟಿ ಮತ್ತು ಕೇಸ್ ನಂಬರ್ ಇರಲಿ, ಹೆಸರು ಬೇಡ. ತೂಕ ಕಡಿಮೆ ಇದೆ, ಮಡಿಕೆಗಳು ಸೊರಗಿವೆ ಎಂದ ಮಾತ್ರಕ್ಕೆ ಅಲ್ಝೈಮರ್ ಎಂದು ತೀರ್ಪು ಕೊಡಬೇಡಿ. ಬರಿಗಣ್ಣಿಗೆ ಕಾಣುವುದು ಸುಳಿವು ಮಾತ್ರ.

ನಾಲ್ಕನೇ ಹೆಜ್ಜೆ: ಫಾರ್ಮಲಿನ್

ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲಿ ಕ್ರಮ ತಪ್ಪುವುದು ಬಹುಪಾಲು ಇಲ್ಲೇ. ಆದ್ದರಿಂದ ಅಳತೆ ಸಮೇತ ಕೊಡುತ್ತೇನೆ.

ಅಂಗಡಿಯಲ್ಲಿ ಸಿಗುವ ಗಾಢ ಫಾರ್ಮಲಿನ್ 100 ಮಿಲಿ, ನೀರು 900 ಮಿಲಿ, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮೋನೊಹೈಡ್ರೇಟ್ 4 ಗ್ರಾಂ, ನೀರಿನಂಶವಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಇದು ಒಂದು ಲೀಟರ್ ಶೇ 10ರ ಬಫರ್ ಮಾಡಿದ ಫಾರ್ಮಲಿನ್. ಮೆದುಳಿನ ಗಾತ್ರದ ಹತ್ತು ಪಟ್ಟಾದರೂ ದ್ರಾವಣ ಬೇಕು, ಅಂದರೆ ಮುಚ್ಚಳವಿರುವ 20 ಲೀಟರ್ ಬಕೆಟ್. ಮೆದುಳಿನ ಬುಡದಲ್ಲಿರುವ ಬೇಸಿಲಾರ್ ರಕ್ತನಾಳದ ಕೆಳಗೆ ದಾರ ತೂರಿಸಿ, ಬಕೆಟ್ ಹಿಡಿಕೆಗೆ ಕಟ್ಟಿ, ತಲೆಕೆಳಗಾಗಿ ತೇಲಿಬಿಡಿ. ತಳಕ್ಕೆ ಕೂತರೆ ಒಂದು ಕಡೆ ಚಪ್ಪಟೆಯಾಗುತ್ತದೆ, ಆಮೇಲೆ ಕೊಯ್ದ ಹೋಳುಗಳು ಒಂದಕ್ಕೊಂದು ಹೊಂದುವುದಿಲ್ಲ.

ಮರುದಿನ ದ್ರಾವಣ ಬದಲಿಸಿ, ಒಂದು ವಾರಕ್ಕೆ ಮತ್ತೊಮ್ಮೆ. ಕನಿಷ್ಠ ಎರಡು ವಾರ ಬಿಡಿ. ಹಾಗೆಂದು ಮೂಲೆಯಲ್ಲಿಟ್ಟು ವರ್ಷಗಟ್ಟಲೆ ಮರೆಯುವಂತಿಲ್ಲ. ಜಾಸ್ತಿ ದಿನ ಮುಳುಗಿದ ಮೆದುಳಿನಲ್ಲಿ ಆಂಟಿಬಾಡಿ ಸ್ಟೇನ್ (ಬೇಕಾದ ಪ್ರೋಟೀನಿಗೆ ಮಾತ್ರ ಹಿಡಿಯುವ ಬಣ್ಣ) ಮಂಕಾಗುತ್ತದೆ. ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಬಕೆಟ್‌ನ ಒಳಗೂ ಹಾಕಿ. ಪೆನ್ನಿನ ಶಾಯಿ ಅಳಿಸಿಹೋಗುತ್ತದೆ. ಫಾರ್ಮಲಿನ್ ಹೊಗೆ ಕ್ಯಾನ್ಸರ್ ತರಬಲ್ಲದು. ಕಿಟಕಿಯಿಲ್ಲದ ಕೋಣೆಯಲ್ಲಿ ಬರಿ ಕೈಯಲ್ಲಿ ಈ ಕೆಲಸ ಮಾಡಿಸುವುದು ಅಟೆಂಡರ್‌ಗಳ ಜೀವಕ್ಕೆ ಕುತ್ತು. ಅವರಿಗೂ ಮಾಸ್ಕ್, ಗ್ಲೌಸ್, ಗಾಳಿಯಾಡುವ ಜಾಗ ಕೊಡಿ.

ದೊಡ್ಡ ಕೇಂದ್ರಗಳಲ್ಲಿ ಅರ್ಧ ಮೆದುಳನ್ನು ಮೈನಸ್ 80 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಆ ಫ್ರೀಜರ್ ಇಲ್ಲದಿದ್ದರೆ, ಕರೆಂಟ್ ನಂಬಿಕೆಯಿಲ್ಲದಿದ್ದರೆ, ಪೂರ್ತಿ ಮೆದುಳನ್ನು ಫಾರ್ಮಲಿನ್‌ಗೆ ಹಾಕಿ. ರೋಗ ಖಚಿತಪಡಿಸಲು ಅಷ್ಟು ಸಾಕು.

ಐದನೇ ಹೆಜ್ಜೆ: ಯಾವ ಜಾಗದಿಂದ ತುಂಡು

"ಒಂದೇ ಕ್ರಮ" ಎಂಬ ಮಾತಿನ ಜೀವಾಳ ಇದು. 1991ರಲ್ಲಿ ಸೆರಾಡ್ ಎಂಬ ಅಮೆರಿಕದ ಒಕ್ಕೂಟ ಮೆದುಳು ಪರೀಕ್ಷೆಗೆ ಒಂದು ಸಮಾನ ಕ್ರಮ ಹಾಕಿಕೊಟ್ಟಿತು. ಒಬ್ಬರು ಮುಂಭಾಗ ನೋಡಿ, ಇನ್ನೊಬ್ಬರು ಹಿಂಭಾಗ ನೋಡಿ ಬರೆದ ವರದಿಗಳನ್ನು ಪಕ್ಕಪಕ್ಕ ಇಟ್ಟು ಏನು ಮಾಡುವುದು, ಅಲ್ವಾ? 2012ರಲ್ಲಿ ಬಂದ ಮಾರ್ಗಸೂಚಿ ಆ ಕ್ರಮವನ್ನು ವಿಸ್ತರಿಸಿತು. ಇಂದು ಜಗತ್ತಿನಲ್ಲಿ ಹೆಚ್ಚಾಗಿ ನಡೆಯುತ್ತಿರುವುದು ಅದೇ.

ಮೆದುಳನ್ನು ಮುಂದಿನಿಂದ ಹಿಂದಕ್ಕೆ ಒಂದೊಂದು ಸೆಂಟಿಮೀಟರ್ ದಪ್ಪದ ಹೋಳುಗಳಾಗಿ ಕೊಯ್ದು ಸಾಲಾಗಿ ಜೋಡಿಸಿ, ಫೋಟೋ ತೆಗೆಯಿರಿ. ನಂತರ ಈ ಜಾಗಗಳಿಂದ ತುಂಡು ತೆಗೆಯಿರಿ: ಮಿಡಲ್ ಫ್ರಂಟಲ್ ಗೈರಸ್, ಸುಪೀರಿಯರ್ ಮತ್ತು ಮಿಡಲ್ ಟೆಂಪೊರಲ್ ಗೈರಸ್, ಇನ್ಫೀರಿಯರ್ ಪರೈಟಲ್ ಲೋಬ್ಯೂಲ್, ಹಿಂಭಾಗದ ಆಕ್ಸಿಪಿಟಲ್ ಕಾರ್ಟೆಕ್ಸ್, ಮುಂದಿನ ಸಿಂಗ್ಯುಲೇಟ್, ಹಿಪೊಕ್ಯಾಂಪಸ್ ಜೊತೆಗೆ ಎಂಟೊರೈನಲ್ ಕಾರ್ಟೆಕ್ಸ್, ಅಮಿಗ್ಡಲ, ಬೇಸಲ್ ಗ್ಯಾಂಗ್ಲಿಯಾ, ಥಲಾಮಸ್, ಮಿಡ್‌ಬ್ರೈನ್, ಪಾನ್ಸ್, ಮೆಡುಲ್ಲಾ, ಸೆರೆಬೆಲ್ಲಂ, ಬಿಳಿ ಭಾಗದ ಒಂದೆರಡು ತುಂಡು. ಎಡವೋ ಬಲವೋ, ಒಂದು ಬದಿ ನಿರ್ಧರಿಸಿ. ಮುಂದೆ ಪ್ರತಿ ಕೇಸಿಗೂ ಅದೇ ಬದಿ.

ಇಷ್ಟೊಂದು ಬ್ಲಾಕ್, ಪ್ರತಿ ಬ್ಲಾಕಿಗೂ ದುಬಾರಿ ಸ್ಟೇನ್ ಎಂದರೆ ನಮ್ಮ ವಿಭಾಗಗಳ ಬಜೆಟ್ ತಡೆಯುವುದಿಲ್ಲ. ಇದಕ್ಕೆ ದಾರಿ ಇದೆ. 2017ರಲ್ಲಿ ಬಂದ ಸಂಕ್ಷಿಪ್ತ ಕ್ರಮದಲ್ಲಿ ಹಲವು ಜಾಗಗಳ ಸಣ್ಣ ತುಂಡುಗಳನ್ನು ಒಂದೇ ಕ್ಯಾಸೆಟ್‌ನಲ್ಲಿ (ತುಂಡು ಇಡುವ ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆ) ಕೂರಿಸಿ, ಒಟ್ಟು ಐದು ಕ್ಯಾಸೆಟ್‌ನಲ್ಲಿ ಕೆಲಸ ಮುಗಿಸುತ್ತಾರೆ. ನನ್ನ ಮಟ್ಟಿಗೆ ಕಲಬುರಗಿ, ಬೀದರ್, ಯಾದಗಿರಿಗೆ ಸರಿಹೊಂದುವುದು ಇದೇ. ಒಂದೇ ಷರತ್ತು: ಯಾವ ಕ್ಯಾಸೆಟ್‌ನಲ್ಲಿ ಯಾವ ತುಂಡು ಯಾವ ಮೂಲೆಯಲ್ಲಿದೆ ಎಂಬ ನಕ್ಷೆಯನ್ನು ಮೊದಲೇ ಬರೆದು ಗೋಡೆಗೆ ಅಂಟಿಸಿ. ಉಳಿದ ಮೆದುಳನ್ನು ಎಸೆಯಬೇಡಿ, ವರದಿ ಪೂರ್ತಿಯಾಗುವವರೆಗೆ ಬೇಕಾಗಬಹುದು.

ಆರನೇ ಹೆಜ್ಜೆ: ಸ್ಟೇನ್

ಎಲ್ಲ ತುಂಡಿಗೂ ಎಚ್ ಅಂಡ್ ಇ ಎಂಬ ಮಾಮೂಲು ಸ್ಟೇನ್. ನಂತರ ಈ ರೋಗದಲ್ಲಿ ಮೆದುಳಿನಲ್ಲಿ ಜಮೆಯಾಗುವ ಎರಡು ಪ್ರೋಟೀನ್‌ಗಳಿಗೆ, ಅಂದರೆ ನರಕೋಶಗಳ ಹೊರಗೆ ಪ್ಲಾಕ್ ಎಂಬ ಗುಪ್ಪೆ ಕಟ್ಟುವ ಅಮಿಲಾಯ್ಡ್ ಬೀಟಾ ಮತ್ತು ಒಳಗೆ ಗಂಟು ಕಟ್ಟುವ ಫಾಸ್ಫೋ ಟೌಗೆ, ಆಂಟಿಬಾಡಿಗಳು. ಅಮಿಲಾಯ್ಡ್‌ಗೆ ಫಾರ್ಮಿಕ್ ಆಸಿಡ್ ಪೂರ್ವಸಿದ್ಧತೆ ಮರೆಯಬೇಡಿ. ಆಂಟಿಬಾಡಿ ಇಲ್ಲದ ಕಡೆ ಬೀಲ್‌ಶೌಸ್ಕಿ ಬೆಳ್ಳಿ ಸ್ಟೇನ್ ಮಾಡಬಹುದು. ಈ ರೋಗಕ್ಕೆ ಯಾರ ಹೆಸರು ಬಂತೋ ಆ ಜರ್ಮನ್ ವೈದ್ಯ ಅಲ್ಝೈಮರ್ ಅವರು 1906ರಲ್ಲಿ ಅಗಸ್ಟೆ ಡೀಟರ್ ಎಂಬ ಮಹಿಳೆಯ ಮೆದುಳಿನಲ್ಲಿ ಗಂಟುಗಳನ್ನು ಕಂಡದ್ದು ಬೆಳ್ಳಿ ಸ್ಟೇನ್‌ನಲ್ಲೇ. ಅದೂ ಆಗದಿದ್ದರೆ ಬ್ಲಾಕ್‌ಗಳನ್ನು ಮೊದಲೇ ಮಾತಾಡಿಕೊಂಡ ದೊಡ್ಡ ಲ್ಯಾಬಿಗೆ ಕಳಿಸಿ. ಪ್ರತಿ ಬ್ಯಾಚ್ ಜೊತೆ ರೋಗ ಇದೆ ಎಂದು ಗೊತ್ತಿರುವ ಒಂದು ಸ್ಲೈಡ್ ಹಾಕಿ. ಅದು ಬಣ್ಣ ಹಿಡಿಯದಿದ್ದರೆ ಆ ಬ್ಯಾಚ್ ಪೂರ್ತಿ ರದ್ದು.

ಏಳನೇ ಹೆಜ್ಜೆ: ಎ, ಬಿ, ಸಿ ಅಂಕ

ಇಲ್ಲಿ ಚರಿತ್ರೆಯ ಫೈಲ್ ಮುಚ್ಚಿಡಿ. ರೋಗಿಗೆ ಮರೆವು ಇತ್ತು ಎಂದು ತಿಳಿದು ನೋಡುವ ಕಣ್ಣು ತನಗೆ ಬೇಕಾದ್ದನ್ನು ಹುಡುಕುತ್ತದೆ. ಮೊದಲು ಅಂಕ, ಆಮೇಲೆ ಚರಿತ್ರೆ.

ಎ ಅಂದರೆ ಅಮಿಲಾಯ್ಡ್ ಎಷ್ಟು ದೂರ ಹರಡಿದೆ ಎಂಬುದು. ಹೊರಗಿನ ಕಾರ್ಟೆಕ್ಸ್‌ನಲ್ಲಿ ಮಾತ್ರ ಇದ್ದರೆ ಅಥವಾ ಹಿಪೊಕ್ಯಾಂಪಸ್ ಮುಟ್ಟಿದ್ದರೆ ಎ1. ಬೇಸಲ್ ಗ್ಯಾಂಗ್ಲಿಯಾ ತಲುಪಿದರೆ ಎ2. ಮೆದುಳು ಕಾಂಡ ಅಥವಾ ಸೆರೆಬೆಲ್ಲಂಗೆ ಇಳಿದರೆ ಎ3.

ಬಿ ಅಂದರೆ ಟೌ ಗಂಟುಗಳ ಹರಡುವಿಕೆ, ಇದನ್ನು ಬ್ರಾಕ್ ಹಂತಗಳು ಎನ್ನುತ್ತಾರೆ. ಎಂಟೊರೈನಲ್ ಸುತ್ತ ಮಾತ್ರ ಇದ್ದರೆ ಬಿ1, ಹಿಪೊಕ್ಯಾಂಪಸ್ ಮತ್ತು ಲಿಂಬಿಕ್ ಭಾಗಕ್ಕೆ ಬಂದರೆ ಬಿ2, ಇಡೀ ಕಾರ್ಟೆಕ್ಸ್ ಹಿಡಿದರೆ ಬಿ3. ಸಿ ಅಂದರೆ ಸೆರಾಡ್ ಅಂಕ, ಕಾರ್ಟೆಕ್ಸ್‌ನಲ್ಲಿ ನ್ಯೂರಿಟಿಕ್ ಪ್ಲಾಕ್ ಎಷ್ಟು ದಟ್ಟ ಎಂಬುದು: ವಿರಳ (ಸಿ1), ಮಧ್ಯಮ (ಸಿ2), ಹೇರಳ (ಸಿ3). ದಟ್ಟವಾಗಿರುವ ಜಾಗ ಹುಡುಕಿ, ಸೆರಾಡ್ ಕೊಟ್ಟ ಮಾದರಿ ಚಿತ್ರದ ಪಕ್ಕ ಇಟ್ಟು ಅಂಕ ಕೊಡಿ. ವಿದ್ಯಾರ್ಥಿಗಳು ತಪ್ಪುವುದು ಹೆಚ್ಚಾಗಿ ಇಲ್ಲೇ: ಮಸುಕಾಗಿ ಹರಡಿದ ಡಿಫ್ಯೂಸ್ ಪ್ಲಾಕ್‌ಗಳನ್ನೂ ಎಣಿಸಿಬಿಡುತ್ತಾರೆ. ಅವು ಸಿ ಅಂಕಕ್ಕೆ ಸೇರುವುದಿಲ್ಲ. ಸುತ್ತ ಊದಿಕೊಂಡ ನರತಂತುಗಳು ಇರುವ ಪ್ಲಾಕ್ ಮಾತ್ರ ಲೆಕ್ಕಕ್ಕೆ.

ಮೂರನ್ನೂ ಕೂಡಿಸಿ ನೋಡಿದರೆ ರೋಗದ ಬದಲಾವಣೆ ಇಲ್ಲ, ಕಡಿಮೆ, ಮಧ್ಯಮ, ಹೆಚ್ಚು ಎಂಬ ನಾಲ್ಕು ಮಟ್ಟ. ಎ3, ಬಿ3 ಇದ್ದು ಸಿ2 ಅಥವಾ ಸಿ3 ಇದ್ದರೆ ಹೆಚ್ಚು. ಎ2, ಬಿ2 ಇದ್ದರೆ ಮಧ್ಯಮ. ಎ1, ಬಿ2, ಸಿ1 ಇದ್ದರೆ ಕಡಿಮೆ. ಅಮಿಲಾಯ್ಡ್ ಇಲ್ಲವೇ ಇಲ್ಲ, ಎ0 ಎಂದರೆ ಗಂಟುಗಳು ಎಷ್ಟೇ ಇದ್ದರೂ ಅದು ಅಲ್ಝೈಮರ್ ಅಲ್ಲ. ಮಧ್ಯಮ ಅಥವಾ ಹೆಚ್ಚು ಎಂದಾದರೆ ಮರೆವಿನ ಕಾಯಿಲೆಗೆ ಅದು ಸಾಕಷ್ಟು ಕಾರಣ ಎಂದು ಬರೆಯಬಹುದು. ಕಡಿಮೆ ಎಂದಾದರೆ ಬೇರೆ ಕಾರಣ ಹುಡುಕಲೇಬೇಕು.

ಹೆಚ್ಚು ಎಂದು ಬಂದರೂ ಹುಡುಕಾಟ ನಿಲ್ಲಿಸಬೇಡಿ ಎಂದು ನಾನು ಹಟ ಹಿಡಿಯುತ್ತೇನೆ. ವಯಸ್ಸಾದವರ ಮೆದುಳಿನಲ್ಲಿ ಒಂದೇ ರೋಗ ಇರುವುದು ಅಪರೂಪ. ಅಮಿಗ್ಡಲ ಮತ್ತು ಕಾಂಡದಲ್ಲಿ ಲ್ಯೂವಿ ಬಾಡಿ (ನರಕೋಶದೊಳಗಿನ ಪ್ರೋಟೀನ್ ಉಂಡೆ) ಹುಡುಕಲು ಆಲ್ಫಾ ಸೈನ್ಯೂಕ್ಲೀನ್ ಸ್ಟೇನ್, ಅಮಿಗ್ಡಲ ಮತ್ತು ಹಿಪೊಕ್ಯಾಂಪಸ್‌ಗೆ ಟಿ.ಡಿ.ಪಿ. 43 ಎಂಬ ಇನ್ನೊಂದು ಪ್ರೋಟೀನಿನ ಸ್ಟೇನ್, ರಕ್ತನಾಳದ ಗೋಡೆಯಲ್ಲಿ ಅಮಿಲಾಯ್ಡ್, ಸಣ್ಣ ಸಣ್ಣ ಇನ್ಫಾರ್ಕ್ಟ್ (ರಕ್ತ ಸಿಗದೆ ಸತ್ತ ಜಾಗ) ಇವನ್ನೂ ನೋಡಿ ಬರೆಯಿರಿ. ಬಿ.ಪಿ., ಶುಗರ್ ಹಿಡಿತದಲ್ಲಿಲ್ಲದ ನಮ್ಮ ಹಿರಿಯರಲ್ಲಿ ರಕ್ತನಾಳದ ಹಾನಿಯನ್ನು ನೋಡದೆ ಬಿಟ್ಟ ವರದಿ ಅರ್ಧ ವರದಿ.

ಎಂಟನೇ ಹೆಜ್ಜೆ: ಎರಡನೇ ಕಣ್ಣು

ಪ್ರತಿ ಕೇಸನ್ನೂ ಇಬ್ಬರು ಬೇರೆ ಬೇರೆಯಾಗಿ ಓದಲಿ. ರೋಗ ಬಲಿತ ಮೆದುಳಿನಲ್ಲಿ ಅಂಕ ಸುಲಭವಾಗಿ ಹೊಂದುತ್ತದೆ, ತಕರಾರು ಬರುವುದು ಆರಂಭದ ಹಂತಗಳಲ್ಲಿ. ಒಂದೇ ವಿಭಾಗದಲ್ಲಿ ಇಬ್ಬರಿಗೆ ಅಭ್ಯಾಸವಿಲ್ಲದಿದ್ದರೆ ಕಲಬುರಗಿಯ ಜಿಮ್ಸ್ ವೈದ್ಯಕೀಯ ಕಾಲೇಜಿನವರು ಬೀದರಿನ ಬ್ರಿಮ್ಸ್ ಕಾಲೇಜಿನವರಿಗೆ, ಯಾದಗಿರಿಯವರು ಕಲಬುರಗಿಯವರಿಗೆ ಸ್ಲೈಡ್ ಕಳಿಸಬಹುದು. ಬಸ್ಸಿನಲ್ಲಿ ಅರ್ಧ ದಿನದ ದಾರಿ ಕೂಡ ಅಲ್ಲ. ಅಂಕ ಹೊಂದದಿದ್ದರೆ ಎರಡು ತಲೆ ಇರುವ ಮೈಕ್ರೋಸ್ಕೋಪ್ ಮುಂದೆ ಕೂತು ಒಮ್ಮತಕ್ಕೆ ಬನ್ನಿ, ಮೊದಲು ಕೊಟ್ಟ ಅಂಕಗಳನ್ನೂ ದಾಖಲೆಯಲ್ಲಿ ಉಳಿಸಿ.

ಬ್ಲಾಕ್, ಸ್ಲೈಡ್, ಫೈಲ್ ಎಲ್ಲವೂ ಒಂದೇ ನಂಬರಿನಲ್ಲಿ ಇರಲಿ. ಅಗಸ್ಟೆ ಡೀಟರ್ ಅವರ ಫೈಲ್ ಫ್ರಾಂಕ್‌ಫರ್ಟ್‌ನಲ್ಲಿ ಮತ್ತೆ ಸಿಕ್ಕಿದ್ದು 1995ರಲ್ಲಿ. ಅವರ ಸ್ಲೈಡ್‌ಗಳೂ ಮ್ಯೂನಿಕ್‌ನಲ್ಲಿ ಸಿಕ್ಕಿದವು, ಮತ್ತೆ ನೋಡಲು ಸಾಧ್ಯವಾಯಿತು. ಯಾರೋ ಸರಿಯಾಗಿ ಬರೆದಿಟ್ಟಿದ್ದರಿಂದ.

ಕೊನೆಯ ಹೆಜ್ಜೆ: ಮನೆಯವರಿಗೆ ವರದಿ

ಅಂಕಗಳ ವರದಿ ಚಿಕಿತ್ಸೆ ಕೊಟ್ಟ ವೈದ್ಯರಿಗೆ. ಮನೆಯವರಿಗೆ ಒಂದು ಪುಟ ಕನ್ನಡದಲ್ಲಿ, ಅಥವಾ ಅವರ ಮನೆಮಾತಿನಲ್ಲಿ, ಬೇರೆ ಬರೆಯಿರಿ. ಉದಾಹರಣೆಗೆ ಹೀಗೆ: "ನಿಮ್ಮ ಅವ್ವನವರ ಮೆದುಳಿನಲ್ಲಿ ಅಲ್ಝೈಮರ್ ರೋಗದ ಬದಲಾವಣೆಗಳು ಹೆಚ್ಚಿನ ಮಟ್ಟದಲ್ಲಿ ಇದ್ದವು. ಅವರ ಮರೆವಿಗೆ ಇದು ಸಾಕಷ್ಟು ಕಾರಣ. ಜೊತೆಗೆ ಸಣ್ಣ ರಕ್ತನಾಳಗಳ ಹಾನಿಯೂ ಇತ್ತು." ಸಾಧ್ಯವಾದರೆ ಕರೆಸಿ ಕೂರಿಸಿ ಓದಿ ಹೇಳಿ. ಅವ್ವ ಬೇಕೆಂದೇ ಹಟ ಮಾಡುತ್ತಿದ್ದಳು, ಸೊಸೆ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಮಾತುಗಳು ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಕೊರೆಯುತ್ತಿರುತ್ತವೆ. ಅದು ಕಾಯಿಲೆ ಎಂದು ಬರಹದಲ್ಲಿ ಕೊಡುವುದು ದೊಡ್ಡ ಕೆಲಸ.

"ನಮಗೂ ಬರುತ್ತದೆಯೇ, ಡಾಕ್ಟ್ರೇ?" ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಈ ಪರೀಕ್ಷೆ ವಂಶವಾಹಿ ಪರೀಕ್ಷೆಯಲ್ಲ, ಅದಕ್ಕೆ ಇದರಲ್ಲಿ ನೇರ ಉತ್ತರ ಇಲ್ಲ ಎಂದು ತಿಳಿಸಿ. ವಯಸ್ಸಾದ ಮೇಲೆ ಶುರುವಾದ ಬಹುಪಾಲು ಅಲ್ಝೈಮರ್ ಅಪ್ಪ ಅವ್ವನಿಂದ ಮಕ್ಕಳಿಗೆ ನೇರವಾಗಿ ಇಳಿಯುವಂಥದ್ದಲ್ಲ. ಆದರೆ 65ಕ್ಕಿಂತ ಮೊದಲೇ ಶುರುವಾಗಿ, ಅದೇ ಮನೆತನದಲ್ಲಿ ಇನ್ನೂ ಕೆಲವರಿಗೆ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ, ಜೆನೆಟಿಕ್ ಸಲಹೆ ಕೊಡುವ ವೈದ್ಯರ ಹೆಸರನ್ನು ಅದೇ ಪುಟದ ಕೆಳಗೆ ಬರೆದು ಕೊಡಿ.